ಹಿಮ ನಿಲ್ಲದ ಛಾವಣಿ

ವುಡ್‌ರಿಡ್ಜ್: ಬೋಗುಣಿ

ಅಮೆರಿಕದಲ್ಲಿ ನನ್ನ ಮೊದಲ ಬೆಳಗ್ಗೆ ಎಚ್ಚರವಾದದ್ದು ಸ್ಟೀಲ್ ಬೋಗುಣಿಯೊಳಗೆ ನೀರು ಹನಿಯುವ ಸದ್ದಿಗೆ. ಟಪ್. ಸ್ವಲ್ಪ ತಡೆದು ಮತ್ತೆ ಟಪ್. ಮೂವತ್ತೊಂದು ವರ್ಷ ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರಾಗಿ ದುಡಿದು, ಧಾರವಾಡ ಸೀಮೆಯ ಶಾಲೆ, ಆಸ್ಪತ್ರೆ, ಪ್ರವಾಸಿ ಮಂದಿರಗಳ ಸೋರುವ ಛಾವಣಿಗಳನ್ನೆಲ್ಲ ಹತ್ತಿ ಇಳಿದವಳು ನಾನು. ಆ ಸದ್ದನ್ನು ಗುರುತಿಸಲು ನನಗೆ ಕನ್ನಡಕ ಬೇಕಿಲ್ಲ. ಇಷ್ಟು ದೂರ ಬಂದರೂ ಕೆಲಸ ಬೆನ್ನು ಬಿಡಲಿಲ್ಲವಲ್ಲ ಎಂದು ನಗು ಬಂತು. ತಂಗಿ ಕೊಟ್ಟಿದ್ದ ಉಣ್ಣೆಯ ಚಪ್ಪಲಿ ಮೆಟ್ಟಿಕೊಂಡು ಸದ್ದಿನ ಜಾಡು ಹಿಡಿದೆ.

ವುಡ್‌ರಿಡ್ಜಿನ ತಂಗಿಯ ಮನೆ ಒಂದೇ ಅಂತಸ್ತಿನ, ಉದ್ದನೆಯದು. ಅಡುಗೆಮನೆಯ ಪಕ್ಕದ ಚಿಕ್ಕ ಕೋಣೆಯಲ್ಲಿ ಮಂಚದ ಮೇಲೆ ಬೋಗುಣಿ ಕೂತಿತ್ತು. ಮೇಲೆ ಕಿಟಕಿಯ ಕಡೆಯ ಮೂಲೆಯಲ್ಲಿ ಜೋಳದ ರೊಟ್ಟಿಯಷ್ಟು ಅಗಲದ ಕಂದು ಕಲೆ. ಗೋಡೆಯ ಬದಿಗೆ ಹಸಿರು ಇಳಕಲ್ ಸೀರೆ, ಹಸಿರು ಬಳೆಯ ಡಬ್ಬಿ, ಬಾಗಿನದ ಸಾಮಾನು ಎಲ್ಲ ಪ್ಲಾಸ್ಟಿಕ್ ಹೊದ್ದು ಕೂತಿದ್ದವು. ತಂಗಿ ಸುಮಂಗಲಾಳ ಮಗಳು ಅಶ್ವಿನಿಗೆ ಈಗ ಏಳು ತಿಂಗಳ ಬಸಿರು. ಬರುವ ಭಾನುವಾರ ಅವಳ ಕುಬುಸ, ಅಂದರೆ ಸೀಮಂತ, ಅವಳು ಗಂಡನ ಜೊತೆ ಇರುವ ಮಿಶಿಗನ್ನಿನ ಸೌತ್‌ಫೀಲ್ಡಿನ ಮನೆಯಲ್ಲಿ. ತವರಿನವರು ಬುತ್ತಿ ಹೊತ್ತು ಹೋಗಬೇಕು. ಅದಕ್ಕೆಂದೇ ನಾನು ಅರವತ್ಮೂರನೆಯ ವಯಸ್ಸಿನಲ್ಲಿ ಮೊದಲ ಸಲ ವಿಮಾನ ಹತ್ತಿದ್ದು.

"ಎದ್ದೇನಕ್ಕಾ? ನೋಡಿಲ್ಲಿ, ಇವರ ಕೆಲಸ," ಎನ್ನುತ್ತ ಸುಮಿ ಬಂದು ಬೋಗುಣಿಯ ನೀರು ಚೆಲ್ಲಿದಳು. "ಹಿಮ ಬಿದ್ದಾಗ ಮಾಳಿಗಿ ಮ್ಯಾಲಿಂದ ಎಳದು ಹಾಕ್ರಿ ಅಂತ ನೂರು ಸಲ ಹೇಳೀನಿ. ಕೇಳಂಗಿಲ್ಲ. ಹ್ವಾದ ವರ್ಷ ಕಲೆ ಬಿತ್ತು, ಈ ವರ್ಷ ಸೋರಾಕ ಹತ್ತೇತಿ."

ಇವರು ಎಂದರೆ ಅವಳ ಗಂಡ ಬಸವರಾಜರು. ಊಟದ ಮೇಜಿನ ತುದಿಯಲ್ಲಿ ಕೂತು, ಎರಡೂ ಕೈಯಿಂದ ಚಹಾದ ಬಟ್ಟಲು ಹಿಡಿದು ಅದರೊಳಗೇ ನೋಡುತ್ತಿದ್ದರು. ಕಾರಿನ ಬ್ರೇಕುಗಳ ಎಂಜಿನಿಯರು, ಆ ವಾರ ರಜೆಯಲ್ಲಿದ್ದರು. ಸುಮಿ ಮಕ್ಕಳ ಡಾಕ್ಟರು, ದಿನವಿಡೀ ಅಳುವ ಕೂಸುಗಳನ್ನು ಸಮಾಧಾನ ಮಾಡಿ ಬರುವವಳು. ಮನೆಗೆ ಬಂದ ಮೇಲೆ ಸಮಾಧಾನ ಉಳಿದಿರುವುದಿಲ್ಲ. ಇನ್ನು ಗೋಡೆ, ಕೊಳಾಯಿ, ನೆಲ, ಬಾಗಿಲಿನ ವಿಷಯಕ್ಕೆ ಬಂದರೆ ಈ ಮನೆಯಲ್ಲಿ ನಡೆಯುವುದು ನನ್ನ ಮಾತು. ಸುಮಿ ಒಂದು ಮೊಳೆ ಹೊಡೆಯುವ ಮುಂಚೆಯೂ ಧಾರವಾಡಕ್ಕೆ ಫೋನು ಮಾಡುತ್ತಾಳೆ. ನನಗದು ಬಲು ಹೆಮ್ಮೆಯ ಸಂಗತಿಯಾಗಿತ್ತು.

"ಅಕ್ಕ ಬಂದಾಳಲ್ಲ, ಇನ್ನ ಚಿಂತಿಲ್ಲ," ಎಂದು ಹೇಳಿ ಸುಮಿ ಕ್ಲಿನಿಕ್ಕಿಗೆ ಹೊರಟಳು.

ವುಡ್‌ರಿಡ್ಜ್: ಸುತ್ತಿಗೆ

ಹೊರಗೆ ಹತ್ತು ಡಿಗ್ರಿ. ಅದು ಅವರ ಫ್ಯಾರನ್‌ಹೀಟಿನ ಹತ್ತು. ನಮ್ಮ ಲೆಕ್ಕದಲ್ಲಿ ಸೊನ್ನೆಗಿಂತ ಹನ್ನೆರಡು ಕೆಳಗೆ. ಸುಮಿಯ ಬೂಟು, ಬಸವರಾಜರ ಕೋಟು, ನನ್ನದೇ ಮಂಕಿ ಟೋಪಿ ಏರಿಸಿಕೊಂಡು ಬೀದಿಗಿಳಿದೆ. ಮೂಗಿನೊಳಗಿನ ಕೂದಲೂ ಹೆಪ್ಪುಗಟ್ಟುತ್ತದೆ ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಸಾಲು ಮನೆಗಳೆಲ್ಲ ತಲೆಯ ಮೇಲೆ ಮೊಳದುದ್ದ ಹಿಮ ಹೊತ್ತು ನಿಂತಿದ್ದವು. ನಮ್ಮ ಸುಮಿಯ ಮನೆಯ ಛಾವಣಿ ಮಾತ್ರ ಹಾಗಿರಲಿಲ್ಲ. ಅಡುಗೆಮನೆಯ ಮೇಲ್ಭಾಗದಲ್ಲಿ ನಾಲ್ಕು ಮಂಚ ಹಾಕುವಷ್ಟು ಜಾಗ ಹಿಮವೇ ಇಲ್ಲದೆ ಕಪ್ಪಗೆ, ಒಣಗಿ ಸ್ವಚ್ಛವಾಗಿತ್ತು. ನನಗೆ ಹಿಗ್ಗಾಯಿತು.

"ನೋಡ್ರಿ, ಇಡೀ ಓಣ್ಯಾಗ ನಮ್ಮದ ಛಲೋ ಐತಿ," ಎಂದೆ ಬಸವರಾಜರಿಗೆ.

"ಹೂಂ ಅಕ್ಕಾರ," ಎಂದರು ಅವರು.

ಆದರೆ ಆ ಒಣ ಜಾಗದ ಕೆಳಗೆ, ಛಾವಣಿಯ ಅಂಚಿನ ಉದ್ದಕ್ಕೂ, ಗೇಣುದ್ದ ದಪ್ಪದ ಮಂಜುಗಡ್ಡೆಯ ಏರಿ ಎದ್ದಿತ್ತು. ಅದರಿಂದ ಕಿಟಕಿಯ ಅರ್ಧದವರೆಗೆ ಗಾಜಿನಂಥ ಕೋಲುಗಳು ಇಳಿದಿದ್ದವು. ನೋಡಿದ ಕೂಡಲೇ ಅರ್ಥವಾಯಿತು: ಇದು ಬದು. ಹೊಲದಲ್ಲಿ ನೀರು ನಿಲ್ಲಿಸಲು ನಾವು ಕಟ್ಟುವಂಥದ್ದೇ. ಹೊಸ ಸ್ಲ್ಯಾಬು ಹಾಕಿದಾಗ ನಾವೇ ಅಂಚಿಗೆ ಮಣ್ಣಿನ ಬದು ಹಾಕಿ ವಾರಗಟ್ಟಲೆ ನೀರು ನಿಲ್ಲಿಸುವುದಿಲ್ಲವೇ? ಇಲ್ಲಿ ಗಡ್ಡೆ ತಾನೇ ಬದುವಾಗಿ ಕೂತು, ಹಿಂದೆ ನೀರು ಕೆರೆಕಟ್ಟಿತ್ತು. ಇವರ ಛಾವಣಿಯೋ ಡಾಂಬರು ಬಳಿದ ರಟ್ಟಿನಂಥ ತುಂಡುಗಳನ್ನು ಒಂದರ ಮೇಲೊಂದು ಏರಿಸಿ ಮೊಳೆ ಹೊಡೆದದ್ದು, ಶಿಂಗಲ್ಸ್ ಅನ್ನುತ್ತಾರೆ. ಹರಿದು ಹೋಗುವ ನೀರಿಗೆ ಸರಿ, ನಿಂತ ನೀರಿಗಲ್ಲ. ನೀರು ಅವುಗಳ ಅಡಿ ನುಸುಳಿ ಒಳಗೆ ಬರುತ್ತಿತ್ತು.

ಬದು ಒಡೆದರಾಯಿತು.

"ಸುತ್ತಿಗಿ ಐತೇನ್ರಿ?"

"ಐತ್ರಿ. ಆದ್ರ ಅಕ್ಕಾರ, ಇಲ್ಲಿ ಯಾರೂ ಹಂಗ ಹೊಡ್ಯಾಂಗಿಲ್ರೀ..."

"ತರ್ರಿ ಮೊದಲ."

ತಂದರು. ಏಣಿಯನ್ನೂ ತಂದು ಹಿಡಿದು ನಿಂತರು. ನಾನು ಹತ್ತಿ ಮೂರು ಏಟು ಹಾಕಿದೆ. ಮೂರನೆಯ ಏಟಿಗೆ ಗಡ್ಡೆಯ ಜೊತೆ ಒಂದು ಶಿಂಗಲ್ಲೂ ಮುರಿದು ಬಸವರಾಜರ ಹೆಗಲ ಮೇಲೆ ಬಿತ್ತು. ಅಷ್ಟರಲ್ಲಿ ಪಕ್ಕದ ಮನೆಯಿಂದ ಎಪ್ಪತ್ತು ದಾಟಿದ ಹೆಂಗಸೊಬ್ಬಳು, ಇಪ್ಪತ್ತಡಿಯ ಕೋಲೊಂದನ್ನು ಆಡಿಸುತ್ತ, "ಸ್ಟಾಪ್! ಸ್ಟಾಪ್!" ಎಂದು ಕೂಗಿಕೊಂಡು ಹಿಮದಲ್ಲಿ ಓಡಿಬಂದಳು. ಹೊಡೆಯಲಿಕ್ಕೇ ಬಂದಳೆಂದು ನಾನು ಗಡಬಡಿಸಿ ಕೆಳಗಿಳಿದೆ.

ಅವಳ ಹೆಸರು ಕ್ಯಾರಲ್. ಕೋಲು ಹೊಡೆಯಲಿಕ್ಕಲ್ಲ. ಅದರ ತುದಿಗೆ ಅಡ್ಡ ಹಲಗೆ ಇತ್ತು. ಹಿಮ ಬಿದ್ದ ಮಾರನೆಯ ಬೆಳಗ್ಗೆ ನೆಲದ ಮೇಲೇ ನಿಂತು, ಅಂಚಿನ ಮೂರು ನಾಲ್ಕು ಅಡಿಯ ಹಿಮವನ್ನು ಮೆಲ್ಲಗೆ ಕೆಳಗೆಳೆಯಬೇಕು. ಏಣಿ ಹತ್ತಬಾರದು, ಗಡ್ಡೆಯನ್ನು ಕುಟ್ಟಬಾರದು. ಚಳಿಗೆ ಶಿಂಗಲ್ಲು ಹಪ್ಪಳದಷ್ಟು ಪೆಡಸಾಗಿರುತ್ತದಂತೆ. ಹಪ್ಪಳ ಎಂದದ್ದು ನಾನು, ಅವಳು ಕ್ರ್ಯಾಕರ್ ಅಂದಳು. ಆಮೇಲೆ ನಾನು ಹೆಮ್ಮೆಪಟ್ಟಿದ್ದ ಕಪ್ಪು ಜಾಗದ ಕಡೆ ಕೋಲು ತೋರಿಸಿ, ನಿಮ್ಮ ತೊಂದರೆ ಇರುವುದು ಅಲ್ಲಿ ಎಂದಳು. ಚಳಿಗಾಲದಲ್ಲಿ ಛಾವಣಿಯ ಮೇಲೆ ಹಿಮ ನಿಂತರೆ ಮನೆ ಆರೋಗ್ಯವಾಗಿದೆ ಎಂದರ್ಥ, ಕರಗಿದರೆ ಒಳಗಿನ ಬಿಸಿ ಎಲ್ಲೋ ಮೇಲೆ ಸೋರುತ್ತಿದೆ ಎಂದರ್ಥ. ತನ್ನ ಮನೆಯ ಛಾವಣಿ ಕೆಲಸದವನ ನಂಬರನ್ನು ಬಸವರಾಜರ ಫೋನಿಗೆ ತಾನೇ ಒತ್ತಿ ಕೊಟ್ಟಳು.

ಸಂಜೆ ಸುಮಿ ಮುರಿದ ಶಿಂಗಲ್ಲನ್ನು ಕಂಡಳು. "ಸುತ್ತಿಗಿ ತಗೊಂಡು ಹೊಡದ್ರೇನ್ರಿ? ಒಂದೀಟರ ತಿಳೀಬಾರದ?"

ಕೇಳಿದ್ದು ಗಂಡನನ್ನು. ಅಕ್ಕ ಅಂಥ ಕೆಲಸ ಮಾಡಿಯಾಳೆಂದು ಅವಳಿಗೆ ಹೊಳೆಯಲೂ ಇಲ್ಲ. ಬಸವರಾಜರು ನನ್ನ ಕಡೆ ಒಮ್ಮೆ ನೋಡಿದರು. ನಾನು ಸುಮ್ಮನಿದ್ದೆ. "ಹೂಂ," ಎಂದರು ಅವರು.

ವುಡ್‌ರಿಡ್ಜ್: ಅಟ್ಟ

ಮರುದಿನ ಕ್ಯಾರಲ್ ಹೇಳಿದ್ದ ಛಾವಣಿ ಕೆಲಸದವ ಸ್ಟಾನ್ ಬಂದ. ಕೆಂಪು ಗಡ್ಡ, ಗುಂಡು ಮುಖ, ಮಾತು ಕಡಿಮೆ. ಒಂದು ಯಂತ್ರದಿಂದ ಉದ್ದನೆಯ ಕೊಳವೆ ಎಳೆದು, ಅದರ ಹಬೆಯಿಂದ ಗಡ್ಡೆಯನ್ನು ಬೆಣ್ಣೆ ಕೊಯ್ದ ಹಾಗೆ ತುಂಡು ತುಂಡಾಗಿ ಕೊಯ್ದಿಳಿಸಿದ. ಸುತ್ತಿಗೆಯ ಗುರುತು ನೋಡಿದ, ಏನೂ ಹೇಳಲಿಲ್ಲ. ಅಷ್ಟಕ್ಕೆ ಅವನ ಮೇಲೆ ನನಗೆ ಗೌರವ ಬಂತು. ಕೆಲಸ ಮುಗಿದ ಮೇಲೆ ಅಟ್ಟ ನೋಡಬೇಕು ಎಂದ. ಸುಮಿ ಕ್ಲಿನಿಕ್ಕಿನಲ್ಲಿದ್ದಳು. ಬಸವರಾಜರು ಹೊರಗೆ ಗಡ್ಡೆ ಕಟ್ಟದಿರಲೆಂದು ಕಾರಿನ ದಾರಿಗೆ ಉಪ್ಪು ಎರಚುತ್ತಿದ್ದರು. ಬಟ್ಟೆಯ ಕಪಾಟಿನ ನೆತ್ತಿಯಲ್ಲಿದ್ದ ಚೌಕ ಬಾಗಿಲನ್ನು ಸರಿಸಿ ಸ್ಟಾನ್ ಮೇಲೆ ಹೋದ. ಅವನ ಹಿಂದೆ ನಾನು.

ಒಳಗೆ ಬಗ್ಗಿ ನಡೆಯುವಷ್ಟು ಎತ್ತರ. ನೆಲದ ತುಂಬ ಹತ್ತಿಯಂಥ ಗುಲಾಬಿ ಹಾಸು, ಕೋಣೆಯ ಬಿಸಿ ಮೇಲೇರದಿರಲೆಂದು ಹಾಸಿದ್ದು. ನಾಲ್ಕು ಹೆಜ್ಜೆ ಹೋದ ಮೇಲೆ ಸ್ಟಾನ್ ನಿಂತ. ಮೂಗೆತ್ತಿದ. ನಾನೂ ಮೂಗೆತ್ತಿದೆ. ಇಂಗು. ಸಾಸಿವೆ. ಕರಿಬೇವು. ಕರಿದ ಒಣಮೆಣಸಿನಕಾಯಿ.

"ಇಲ್ಲಿ ಮೇಲೆ ಯಾರಾದರೂ ಅಡುಗೆ ಮಾಡ್ತಾರಾ?" ಎಂದು ಸ್ಟಾನ್ ಇಂಗ್ಲಿಷಿನಲ್ಲಿ ಕೇಳಿದ. ತಮಾಷೆಗಲ್ಲ, ನಿಜವಾಗಿ ಕೇಳಿದ.

ಅವನ ಟಾರ್ಚಿನ ಬೆಳಕು ಒಂದು ಅಲ್ಯೂಮಿನಿಯಂ ಕೊಳವೆಯ ಮೇಲೆ ನಿಂತಿತು. ಕೆಳಗಿನ ಅಡುಗೆಮನೆಯ ಫ್ಯಾನಿನಿಂದ ಬಂದು, ಅಟ್ಟದ ನಡುವೆ ಬಾಯಿ ತೆರೆದು ನಿಂತಿತ್ತು. ಅದರ ಮೇಲಿನ ಹಲಗೆಗಳಿಗೆ ಕಪ್ಪು ಬೂಷ್ಟು ಹಿಡಿದಿತ್ತು. ಸುತ್ತಲಿನ ಮೊಳೆಗಳ ತುದಿಯಲ್ಲೆಲ್ಲ ಮಂಜು ಮೆತ್ತಿಕೊಂಡಿತ್ತು. ಸ್ಟಾನ್ ತಾಳ್ಮೆಯಿಂದ ಹೇಳಿದ: ಚಳಿಗಾಲದಲ್ಲಿ ಅಟ್ಟ ಹೊರಗಿನಷ್ಟೇ ತಣ್ಣಗಿರಬೇಕು. ಸೂರಿನಡಿಯ ಕಂಡಿಗಳಿಂದ ತಣ್ಣನೆಯ ಗಾಳಿ ಬಂದು ನೆತ್ತಿಯಿಂದ ಹೊರಗೆ ಹೋಗುತ್ತಿರಬೇಕು. ಕೋಣೆಯ ಬಿಸಿಯಾಗಲಿ, ಫ್ಯಾನಿನ ಹಬೆಯಾಗಲಿ ಅಟ್ಟಕ್ಕೆ ಬಂದರೆ ಮೇಲಿನ ಹಿಮ ಕರಗುತ್ತದೆ. ಕರಗಿದ ನೀರು ಅಂಚಿಗೆ ಬಂದು, ಅಂಚಿನ ಕೆಳಗೆ ಬಿಸಿ ಇಲ್ಲದ್ದರಿಂದ ಅಲ್ಲೇ ಗಡ್ಡೆಯಾಗುತ್ತದೆ. ಅಂಚಿನ ಹಿಮ ಎಳೆಯುವುದು ಆ ಹೊತ್ತಿನ ಉಪಾಯ ಮಾತ್ರ. ಮದ್ದು ಮಾಡಬೇಕಾದದ್ದು ಇಲ್ಲಿ ಒಳಗೆ.

"ಇದು ಯಾರ ಯೋಚನೆ?" ಎಂದು ಕೊಳವೆಯ ಕಡೆ ಬೊಟ್ಟು ಮಾಡಿದ.

"ಯಾರೋ ಒಬ್ಬ ಎಂಜಿನಿಯರ್," ಎಂದೆ.

ಆ ಎಂಜಿನಿಯರ್ ನಾನು. ಎರಡು ವರ್ಷದ ಹಿಂದೆ ಸುಮಿ ಫೋನು ಮಾಡಿದ್ದಳು. ಅವಳ ಕೋಟಿಗೆಲ್ಲ ಒಗ್ಗರಣೆಯ ವಾಸನೆ ಹತ್ತಿ ಕ್ಲಿನಿಕ್ಕಿನವರೆಗೂ ಹೋಗುತ್ತಿತ್ತು. ಒಲೆಯ ಮೇಲೆ ದೊಡ್ಡ ಫ್ಯಾನು ಹಾಕಿಸಬೇಕು, ಕೆಲಸದವನು ಛಾವಣಿಗೆ ತೂತು ಕೊರೆಯುತ್ತೇನೆ ಅನ್ನುತ್ತಾನೆ ಎಂದಳು. ನಾನು ಧಾರವಾಡದಿಂದಲೇ ಕಿರುಚಿದ್ದೆ. ಛತ್ತಿಗೆ ತೂತೇ? ನನ್ನ ಸರ್ವೀಸಿನಲ್ಲಿ ಕಂಡ ಸೋರುವಿಕೆಯೆಲ್ಲ ಯಾರೋ ಪೈಪಿಗೆಂದು ಹಾಕಿದ ತೂತಿನಿಂದಲೇ ಶುರುವಾದದ್ದು. "ಅಟ್ಟದಾಗ ಬಿಡಿಸು. ನಮ್ಮ ಆಯಿ ಮನ್ಯಾಗ ಒಲಿ ಹೊಗಿ ಮಾಳಿಗಿ ತೊಲಿಗೆ ಹತ್ತಿ ಹತ್ತಿ, ಒಂದ ತೊಲಿಗೂ ಹುಳ ಬಿದ್ದಿರಲಿಲ್ಲ. ಹೊಗಿ ಕಟಗಿಗೆ ಛಲೋ," ಎಂದು ಅಪ್ಪಣೆ ಕೊಟ್ಟಿದ್ದೆ. ಆಯಿಯ ಒಲೆಯದು ಒಣ ಹೊಗೆ, ಸುಮಿಯ ಕುಕ್ಕರಿನದು ಹಬೆ ಎಂಬ ಸಣ್ಣ ವ್ಯತ್ಯಾಸ ನನಗೆ ಆಗ ತೋಚಲಿಲ್ಲ. ಆಯಿಯ ಮಾಳಿಗೆಯ ಮೇಲೆ ಹಿಮ ಬೀಳುತ್ತಿರಲಿಲ್ಲ ಎಂಬ ದೊಡ್ಡ ವ್ಯತ್ಯಾಸವೂ ತೋಚಲಿಲ್ಲ.

ಸ್ಟಾನ್ ಅಂದೇ ಕೊಳವೆಯನ್ನು ಹಿತ್ತಲ ಕಡೆಯ ಗೋಡೆಯಿಂದ ಹೊರಗೆ ಬಿಟ್ಟು ಮುಚ್ಚಳ ಕೂಡಿಸಿದ. ದೀಪಗಳ ಸುತ್ತ, ಅಟ್ಟದ ಬಾಗಿಲ ಸುತ್ತ ಸಂದುಗಳಿಗೆ ನೊರೆಯಂಥದ್ದನ್ನು ತುಂಬಿದ. ಸಂಜೆ ಸುಮಿಗೆ ನಾನು, "ಅಟ್ಟಕ್ಕ ಬಿಸಿ ಗಾಳಿ ಸೋರತಿತ್ತು, ಬಂದ್ ಮಾಡಿಸೀನಿ," ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮುಖ್ಯವಾದದ್ದು ಮಾತ್ರ ಇರಲಿಲ್ಲ.

"ನೋಡ್ರಿ!" ಎಂದಳು ಸುಮಿ ಗಂಡನಿಗೆ. "ಅಕ್ಕ ಬಂದ ಎರಡ ದಿನದಾಗ ಕಂಡುಹಿಡದ್ಲು. ನೀವು ಎರಡ ವರ್ಷ ಏನ ಮಾಡಿದ್ರಿ?"

ಬಸವರಾಜರು ಚಹಾ ಕುಡಿದರು. ನಾನು ನನ್ನ ಬಟ್ಟಲು ತೊಳೆಯಲು ಎದ್ದೆ.

ಅರೋರಾ

ಹೊರಡುವ ಹಿಂದಿನ ದಿನ ಬೆಳಗ್ಗೆ ಅರೋರಾದ ಬಾಲಾಜಿ ಗುಡಿಗೆ ಹೋದೆವು. ಹಿಮದ ನಡುವೆ ಬೆಳ್ಳನೆಯ ಗೋಪುರ, ಎಲ್ಲಿ ಸುಣ್ಣ ಮುಗಿದು ಎಲ್ಲಿ ಹಿಮ ಶುರುವಾಯಿತೋ ತಿಳಿಯದು. ಚಪ್ಪಲಿ ಬಿಡುವ ಕೋಣೆಯಲ್ಲಿ ನೂರಾರು ಜೊತೆ ಬೂಟುಗಳು. ನಮ್ಮಲ್ಲಿ ಚಪ್ಪಲಿ ಕಳುವಾದರೆ ಬರಿಗಾಲಲ್ಲಿ ಮನೆಗೆ ಬಂದೇವು. ಇಲ್ಲಿ ಬೂಟು ಕಳುವಾದರೆ ಆಸ್ಪತ್ರೆಗೇ ಹೋಗಬೇಕು. ಹಾಗಾಗಿಯೋ ಏನೋ ಯಾರೂ ಕದಿಯುವುದಿಲ್ಲವಂತೆ. ನನ್ನ ಕಾಲುಚೀಲ ತೆಳ್ಳಗಿತ್ತು. ನೆಲಕ್ಕೆ ಕಾಲಿಟ್ಟು ನಾನು ಕುಣಿಯತೊಡಗಿದ್ದನ್ನು ಕಂಡ ಬಸವರಾಜರು ಕೋಟಿನ ಜೇಬಿನಿಂದ ದಪ್ಪನೆಯ ಉಣ್ಣೆಯ ಜೊತೆಯೊಂದನ್ನು ತೆಗೆದರು. "ನಿಮಗ ಬೇಕಾಗಬಹುದು ಅಂತ ತಂದಿದ್ದೆ ಅಕ್ಕಾರ," ಎಂದರು.

ದೇವರ ಮುಂದೆ ಸುಮಿ ಕಣ್ಣುಮುಚ್ಚಿ, ಪಕ್ಕದವರಿಗೆ ಕೇಳುವಂತೆ ಬೇಡಿಕೊಂಡಳು: ಮಗಳ ಹೆರಿಗೆ ಸುಸೂತ್ರ ಆಗಲಿ, ಅಕ್ಕನ ಮೊಣಕಾಲು ನೋವು ಕಡಿಮೆಯಾಗಲಿ, ಇವರಿಗೆ ಮನೆಯ ಮೇಲೆ ಒಂದಿಷ್ಟು ಜವಾಬ್ದಾರಿ ಬರಲಿ. ಕಡೆಯದನ್ನು ಕೇಳಿ ನನಗೆ ಕಣ್ಣು ತೆರೆಯುವುದೇ ಕಷ್ಟವಾಯಿತು. ಅವರ ಕಾಲುಚೀಲದಲ್ಲಿ ನನ್ನ ಕಾಲು ಬೆಚ್ಚಗಿತ್ತು. ಕೆಳಗಿನ ಊಟದ ಮನೆಯಲ್ಲಿ ಪುಳಿಯೋಗರೆ ಚೆನ್ನಾಗಿತ್ತು ಎನ್ನುವುದನ್ನು ಮಾತ್ರ ಇಲ್ಲಿ ದಾಖಲಿಸುತ್ತೇನೆ.

ದಾರಿಯಲ್ಲಿ

ಬುತ್ತಿ ಕಟ್ಟುವುದಕ್ಕೆ ಸುಮಿ ಎರಡು ದಿನ ರಜೆ ಹಾಕಿದ್ದಳು. ಶೇಂಗಾ ಹೋಳಿಗೆ, ಕರಿಗಡಬು, ಮಾದಲಿ, ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ, ಬದನೆಕಾಯಿ ಪಲ್ಯ. ಕಾರಿನ ಡಿಕ್ಕಿಯೇ ಫ್ರಿಜ್ಜು. ಇಂಡಿಯಾನಾ ದಾಟುವ ಹೊತ್ತಿಗೆ ಪಲ್ಯದೊಳಗಿನ ಎಣ್ಣೆ ಬೆಳ್ಳಗೆ ಗಟ್ಟಿಯಾಗಿತ್ತು. ಹೆದ್ದಾರಿಯ ಪಕ್ಕದ ವಿಶ್ರಾಂತಿಯ ತಾಣದಲ್ಲಿ ಕಾರಿನೊಳಗೇ ಕೂತು, ಹೀಟರಿನ ಕಂಡಿಯ ಮುಂದೆ ರೊಟ್ಟಿ ಹಿಡಿದು ಬೆಚ್ಚಗೆ ಮಾಡಿಕೊಂಡು ತಿಂದೆವು. ಇಂಥ ರುಚಿಯ ರೊಟ್ಟಿಯನ್ನು ನಾನು ಒಲೆಯ ಮುಂದೆ ಕೂತೂ ತಿಂದಿಲ್ಲ. ಮಿಶಿಗನ್ ಬಂದೊಡನೆ ಗಡಿಯಾರ ಒಂದು ಗಂಟೆ ಮುಂದಕ್ಕೆ ಜಿಗಿಯಿತು. ಕಳೆದ ಆ ಗಂಟೆ ಎಲ್ಲಿ ಹೋಯಿತೆಂದು ನಾನು ಬಹಳ ಹೊತ್ತು ವಾದ ಮಾಡಿದೆ. ಸುಮಿ ಹಿಂದಿನ ಸೀಟಿನಲ್ಲಿ ನಿದ್ದೆ ಹೋದಳು.

ಹೊಸ ಚಟವೊಂದು ನನಗೆ ಅಂಟಿತ್ತು. ದಾರಿಯ ಇಕ್ಕೆಲದ ಮನೆಗಳ ತಲೆ ನೋಡುವುದು. ಇದರ ಮೇಲೆ ಹಿಮ ಹಾಗೇ ಇದೆ, ಭೇಷ್. ಇದು ಬೋಳು, ಪಾಪ, ಒಳಗೆ ಎಲ್ಲೋ ಸೋರಿಕೆ. ಹೀಗೆ ನೋಡುತ್ತಲೇ ಧೈರ್ಯ ತಂದುಕೊಂಡೆ.

"ಬಸವರಾಜ್ರ, ಆ ಅಡಗಿಮನಿ ಫ್ಯಾನ..."

"ತಡೀರಿ ಅಕ್ಕಾರ, ದೊಡ್ಡ ಟ್ರಕ್ ಬರಾಕತ್ತೇತಿ," ಎಂದು ಅವರು ಕನ್ನಡಿ ನೋಡಿದರು. ಟ್ರಕ್ಕು ಹಾದು ಹೋಯಿತು. ಆಮೇಲೆ ಅವರು ಧಾರವಾಡದಲ್ಲಿ ಈಗ ಶೇಂಗಾ ಹೇಗೆ ಬಂದಿದೆ ಎಂದು ಕೇಳಿದರು. ನಾನು ಬದುಕಿದೆನೆಂದುಕೊಂಡು ಶೇಂಗಾದ ಬಗ್ಗೆ ಮೂವತ್ತು ಮೈಲಿ ಮಾತಾಡಿದೆ.

ಸೌತ್‌ಫೀಲ್ಡ್: ಕೂಸಿನ ಕೋಣೆ

ಕಚೇರಿಗಳ ಗಾಜಿನ ಕಟ್ಟಡಗಳನ್ನು ದಾಟಿ, ಒಳ ರಸ್ತೆಗೆ ತಿರುಗಿದರೆ ಅಶ್ವಿನಿಯ ಮನೆ. ಇದೂ ಒಂದೇ ಅಂತಸ್ತು. ಕಾರು ನಿಲ್ಲುವ ಮುಂಚೆಯೇ ನಾನು ಅದರ ತಲೆ ನೋಡಿದೆ. ನಡುವೆ ಬೋಳು. ಮುಂಬಾಗಿಲಿನ ಮೇಲಿನ ಅಂಚಿನಲ್ಲಿ ಗಡ್ಡೆಯ ಏರಿ, ಅದರಿಂದ ಮಂಜಿನ ಕೋಲುಗಳು ತೋರಣದ ಹಾಗೆ ಇಳಿಬಿದ್ದಿದ್ದವು.

"ಐಸಿಕಲ್ಸ್ ನೋಡು ದೊಡ್ಡವ್ವಾ! ಇಟ್ಸ್ ಸೋ ಪ್ರೆಟ್ಟಿ!" ಎಂದು ಅಶ್ವಿನಿ ಹೊಟ್ಟೆ ಹಿಡಿದುಕೊಂಡು ಬಂದು ನನ್ನನ್ನು ತಬ್ಬಿದಳು. ಅವಳ ಗಂಡ ನಿತಿನ್ ಮೈಸೂರಿನ ಹುಡುಗ, ಬುತ್ತಿಯ ಡಬ್ಬಿಗಳನ್ನೆಲ್ಲ ಒಬ್ಬನೇ ಒಳಗೆ ಹೊತ್ತ.

ಮೊದಲು ತೋರಿಸಿದ್ದು ಕೂಸಿನ ಕೋಣೆ. ತಿಳಿ ಹಳದಿಯ ಬಣ್ಣ. ಇಬ್ಬರೂ ಸೇರಿ ಕೈಯಾರೆ ಬಳಿದಿದ್ದರು. ಕಿಟಕಿಯ ಬಳಿ ಕಟಾಂಜನದ ಪುಟ್ಟ ಮಂಚ, ಅದರ ಮೇಲೆ ಮಡಿಸಿಟ್ಟ ಚಿಕ್ಕ ಕೌದಿ. ಎಲ್ಲರೂ ಕೌದಿ ನೋಡಿದರು, ನಾನು ಮೇಲೆ ನೋಡಿದೆ. ಮಂಚದ ನೆತ್ತಿಗೆ ಸರಿಯಾಗಿ, ಹೊಸ ಬಣ್ಣದ ಅಡಿಯಿಂದ, ಬಟ್ಟಲಿನ ಗುರುತಿನಂಥ ಒಂದು ತಿಳಿ ಕಂದು ಉಂಗುರ ಮೂಡುತ್ತಿತ್ತು. ಇನ್ನೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಇಲ್ಲಿನ ಛಾವಣಿಯ ಒಳಮೈ ಜಿಪ್ಸಮ್ ಹಲಗೆ. ನೀರು ಕುಡಿದು ಭಾರವಾದರೆ ಒಂದು ದಿನ ತುಂಡಾಗಿ ಕಳಚಿ ಬೀಳುತ್ತದೆ.

"ನಿತಿನ್, ಅಡುಗೆಮನೆ ಫ್ಯಾನಿನ ಗಾಳಿ ಎಲ್ಲಿಗೆ ಬಿಟ್ಟೀರಪ್ಪಾ?" ಎಂದೆ.

"ಆಟಿಕ್‌ಗೇ ಬಿಟ್ಟಿದೀವಿ ದೊಡ್ಡಮ್ಮ, ನೀವು ಹೇಳಿದ್ ಥರಾನೇ," ಎಂದ ಅವನು ಖುಷಿಯಿಂದ. "ಹ್ಯಾಂಡಿಮ್ಯಾನ್ ರೂಫ್‌ಗೆ ಹೋಲ್ ಮಾಡ್ಬೇಕು ಅಂತ ಆರ್ಗ್ಯೂ ಮಾಡ್ದ. ಅತ್ತೆ ಫೋನಲ್ಲಿ, ನಮ್ಮಕ್ಕ ಎಂಜಿನಿಯರ್, ಅವಳು ಬೇಡ ಅಂದಿದಾಳೆ ಅಂದ್ರು. ನಾವೂ ನೋ ಅಂದ್ವಿ."

ಸುಮಿ ನನ್ನ ಕಡೆ ನೋಡಿ ನಕ್ಕಳು. ಅವಳ ಮುಖದಲ್ಲಿ ಎಷ್ಟು ಅಭಿಮಾನವಿತ್ತೆಂದರೆ, ಆ ಕ್ಷಣ ಬಾಯಿ ತೆರೆಯಲು ನನ್ನಿಂದಾಗಲಿಲ್ಲ. ನಾಳೆ ಕುಬುಸ ಮುಗಿಯಲಿ, ನಿತಿನ್‌ಗೆ ಒಬ್ಬನಿಗೇ ಹೇಳಿ ಸದ್ದಿಲ್ಲದೆ ಸರಿಮಾಡಿಸಿದರಾಯಿತು ಎಂದುಕೊಂಡೆ.

ಸೌತ್‌ಫೀಲ್ಡ್: ಕುಬುಸ

ಭಾನುವಾರ ಬೆಳಗ್ಗೆ ಹತ್ತು ಹನ್ನೆರಡು ಮಂದಿ ಹೆಣ್ಣುಮಕ್ಕಳು ಬಂದರು. ರೇಷ್ಮೆ ಸೀರೆಯ ಮೇಲೆ ದಪ್ಪ ಕೋಟು, ಕಾಲಿಗೆ ಬೂಟು, ಕೈಯಲ್ಲಿ ಹೂವಿನ ಚೀಲ. ಒಬ್ಬಾಕೆ ಬಾಗಿಲು ದಾಟಿ ಒಳಗೆ ಕಾಲಿಟ್ಟದ್ದೇ ತಡ, ಅವಳ ಹಿಂದೆ ತೋಳುದ್ದದ ಒಂದು ಮಂಜಿನ ಕೋಲು ಕಳಚಿ ಮೆಟ್ಟಿಲ ಮೇಲೆ ಬಿದ್ದು ಚೂರುಚೂರಾಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಸುಮಿಯ ಹೆದರಿಕೆಯೆಲ್ಲ ಸಿಟ್ಟಾಯಿತು.

"ಇಲ್ಲೂ ಹಂಗ ಆತು ನೋಡ್ರಿ!" ಎಂದಳು ಗಂಡನಿಗೆ, ಬಂದವರೆಲ್ಲರ ಎದುರಿಗೆ. "ಅಳಿಯಗ ಹಿಮ ಎಳ್ಯೂದು ಕಲಸ್ರಿ ಅಂದ್ರ ಅದೂ ಆಗಲಿಲ್ಲ ನಿಮ್ಮ ಕಡಿಂದ. ಅವನರ ನಿಮ್ಮಂಗ ಆಗಬಾರದು."

ನಿತಿನ್ ನೆಲ ನೋಡಿದ. ಬಸವರಾಜರು ಪೊರಕೆ ತಂದು ಚೂರುಗಳನ್ನು ಗುಡಿಸತೊಡಗಿದರು. ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು, ಮಗಳ ಕುಬುಸದ ದಿನ, ಅಳಿಯನ ಮುಂದೆ ಬಗ್ಗಿ ಗುಡಿಸುತ್ತಿದ್ದ ಅವರ ಬೆನ್ನು ನೋಡಿ ನನಗೆ ನನ್ನ ಮೇಲೆಯೇ ಅಸಹ್ಯವಾಯಿತು.

ಒಳಗೆ ಬದನೆಕಾಯಿಗೆ ಹೊಸದಾಗಿ ಒಗ್ಗರಣೆ ಬೀಳುತ್ತಿತ್ತು. ಫ್ಯಾನು ಭರ್ರೋ ಎಂದು ಎಲ್ಲವನ್ನೂ ಮೇಲಕ್ಕೆಳೆಯುತ್ತಿತ್ತು. ನಾನು ನೇರ ಹೋಗಿ ಅದನ್ನು ಆರಿಸಿದೆ. ಎರಡೇ ನಿಮಿಷದಲ್ಲಿ ಮೆಣಸಿನಕಾಯಿಯ ಘಾಟು ಮನೆ ತುಂಬಿತು. ರೇಷ್ಮೆ ಸೀರೆಗಳೆಲ್ಲ ಕೆಮ್ಮತೊಡಗಿದವು. ಯಾರೋ ಕಿಟಕಿ ತೆರೆದರು, ಫ್ಯಾರನ್‌ಹೀಟಿನ ಇಪ್ಪತ್ತು ಡಿಗ್ರಿಯ ಗಾಳಿ ನುಗ್ಗಿತು.

"ಅಕ್ಕಾ, ಫ್ಯಾನ್ ಯಾಕ ಬಂದ್ ಮಾಡಿದಿ?" ಎಂದು ಸುಮಿ ಕಣ್ಣೊರೆಸುತ್ತ ಓಡಿಬಂದಳು.

"ಇದರ ಗಾಳಿ ಅಟ್ಟಕ್ಕ ಹೊಂಟೈತಿ, ಸುಮಿ. ಆ ಬಿಸಿಗೆ ಮ್ಯಾಲಿನ ಹಿಮ ಕರಗಿ ಅಂಚಿಗೆ ಗಡ್ಡಿ ಕಟ್ಟತೈತಿ. ನಿಮ್ಮ ಮನಿ ಸೋರಿದ್ದೂ ಇದರಿಂದನ. ಇಲ್ಲಿ ಕೂಸಿನ ಮಂಚದ ಮ್ಯಾಲ ಆಗಲೇ ಕಲೆ ಮೂಡೇತಿ, ಹೋಗಿ ನೋಡು. ಅಟ್ಟಕ್ಕ ಬಿಡು ಅಂತ ಹೇಳಿದಾಕಿ ನಾನು. ಸುತ್ತಿಗಿ ಹೊಡದಾಕಿನೂ ನಾನ. ಬಸವರಾಜರದು ಏನೇನೂ ತಪ್ಪಿಲ್ಲ."

ಸುಮಿ ನನ್ನನ್ನು ನೋಡಿದಳು. ಅವಳಿಗೆ ನಾಲ್ಕು ವರ್ಷವಿದ್ದಾಗ ನಾನು ಕೈಹಿಡಿದು ಶಾಲೆಗೆ ಕರೆದುಕೊಂಡು ಹೋದವಳು. ಅವತ್ತಿನಿಂದ ಒಮ್ಮೆಯೂ ಅವಳು ನನ್ನನ್ನು ಅಷ್ಟು ಅಪನಂಬಿಕೆಯಿಂದ ನೋಡಿರಲಿಲ್ಲ. ಆಮೇಲೆ ಪೊರಕೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಗಂಡನ ಕಡೆ ತಿರುಗಿದಳು.

"ನಿಮಗ ಗೊತ್ತಿತ್ತೇನ್ರಿ?"

"ಅವತ್ತ ಅಕ್ಕಾರು ಹೇಳೂಮುಂದ ಫೋನ್ ಸ್ಪೀಕರ್ ಮ್ಯಾಲ ಇತ್ತಲ್ಲ," ಎಂದರು ಅವರು.

"ಮತ್ತ ಹೇಳಾಕ ಏನಾಗಿತ್ರಿ?"

"ಹೇಳಿದ್ನಲ್ಲಾ. ಹೊರಗ ಬಿಡೂಣು ಅಂದಿದ್ದೆ. ನಿಮಗೇನ ತಿಳೀತೈತಿ, ಅಕ್ಕ ಹೇಳ್ಯಾಳ ಅಂದಿ."

ದನಿಯಲ್ಲಿ ಸಿಟ್ಟಾಗಲಿ, ಗೆದ್ದ ಹುರುಪಾಗಲಿ ಇರಲಿಲ್ಲ. ಕಾರಿನ ಬ್ರೇಕಿನ ಬಗ್ಗೆ ಮಾತಾಡಿದಂತೆಯೇ ಹೇಳಿದರು. "ಓ ಮೈ ಗಾಡ್, ಡ್ಯಾಡ್!" ಎಂದು ಅಶ್ವಿನಿ ಹಸಿರು ಸೀರೆಯಲ್ಲೇ ಎದ್ದು ಹೋಗಿ ಅಪ್ಪನನ್ನು ತಬ್ಬಿಕೊಂಡಳು, ಪೊರಕೆಯ ಸಮೇತ. ಯಾರೋ ನಕ್ಕರು. ಹಿರಿಯಳೊಬ್ಬಳು ಆರತಿಯ ತಟ್ಟೆ ಎತ್ತಿಕೊಂಡಳು, ಹಾಡು ಶುರುವಾಯಿತು. ಪುಟ್ಟ ಮಂಚವನ್ನು ನಿತಿನ್ ಮತ್ತು ಬಸವರಾಜರು ಎತ್ತಿ ಹಜಾರಕ್ಕೆ ತಂದಿಟ್ಟರು.

ಊಟಕ್ಕೆ ಕೂತಾಗ ಮೈ ಹಗುರಾಗಿತ್ತು. ಕಿಟಕಿ ತೆರೆದೇ ಇದ್ದುದರಿಂದ ಎಲ್ಲರೂ ಕೋಟು ಹಾಕಿಕೊಂಡೇ ಉಂಡರು. ಸುಮಿ ಗಂಡನ ತಟ್ಟೆಗೆ ಮೊದಲು ಹೋಳಿಗೆ ಹಾಕಿ, ತುಪ್ಪ ಸುರಿದು, ಸಾಕು ಎಂದರೂ ಇನ್ನೊಂದು ಚಮಚ ಸುರಿದಳು.

ನಿತಿನ್ ನನ್ನ ಪಕ್ಕ ಕೂತು ಕೇಳಿದ: "ದೊಡ್ಡಮ್ಮ, ಈಗ ಡಕ್ಟ್ ಎಲ್ಲಿಂದ ಹೊರಗೆ ಬಿಡ್ಬೇಕು? ವಾಲ್ ಇಂದಾನಾ, ರೂಫ್ ಇಂದಾನಾ?"

ಎಲ್ಲರೂ ರೂಢಿಯಂತೆ ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆದೆ.

"ಅಕ್ಕಾ, ನೀ ಸುಮ್ಮ ಕುಂದರು," ಎಂದಳು ಸುಮಿ, ಬೇಸರವಿಲ್ಲದೆ. "ರೀ, ನೀವೇನ ಅಂತೀರಿ?"

ಬಸವರಾಜರು ತುತ್ತು ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿದರು. ಅಕ್ಕಪಕ್ಕ ನೋಡಿದರು. "ನನ್ನ ಕೇಳಿದಿ?" ಎಂದರು.

"ಮತ್ಯಾರನ್ನ?"

ಅವರು ತುತ್ತನ್ನು ತಟ್ಟೆಯಲ್ಲಿಟ್ಟು, ಅಡುಗೆಮನೆಯ ನೆತ್ತಿಯನ್ನು ಸಾವಕಾಶವಾಗಿ ನೋಡಿದರು. "ಅಡಗಿಮನಿ ನಟ್ಟನಡುವ ಐತಿ. ಗ್ವಾಡಿ ದೂರ, ಹಬಿ ದಾರ್ಯಾಗ ತಣ್ಣಗಾಗಿ ನೀರಾಗತೈತಿ. ಮಾಳಿಗಿಗೆ ತೂತು ಹಾಕಿ ನೆಟ್ಟಗ ಮ್ಯಾಲ ಬಿಡಬೇಕು."

ಮಾಳಿಗೆಗೆ ತೂತು! ಮೂವತ್ತೊಂದು ವರ್ಷದ ಸರ್ವೀಸು ನನ್ನ ಗಂಟಲಿಗೆ ಬಂತು. ಅದನ್ನು ಹೇಗೋ ನುಂಗಿಕೊಂಡು ಸುಮ್ಮನೆ ಕೂತೆ. ಬಸವರಾಜರು ಕಾಗದದ ಕರವಸ್ತ್ರದ ಮೇಲೆ ಅಳಿಯನಿಗೆ ಕೊಳವೆಯ ಚಿತ್ರ ಬರೆದು ತೋರಿಸುತ್ತಿದ್ದರು, ಒಂದು ಸಲವೂ ನನ್ನ ಮುಖ ನೋಡದೆ.